ಗೋರಿಕಲ್ಲು ಓದಲು ಓರೆ ಬೆಳಕು ಬೇಕು

ವಂಶಾವಳಿ ಹುಡುಕುವವರಿಗಾಗಿ ಹಳೆಯ ಗೋರಿಕಲ್ಲುಗಳನ್ನು ದಾಖಲಿಸುವ ಸ್ವಯಂಸೇವೆಗೆ ಹೊಸದಾಗಿ ಬರುವವರು ಮೊದಲು ಕೇಳುವುದು ಯಾವ ಕ್ಯಾಮೆರಾ ಒಳ್ಳೆಯದು ಎಂದು. ಮೊಬೈಲ್ ಧಾರಾಳವಾಗಿ ಸಾಕು. ಬೇಕಾಗಿರುವುದು ಬೆಳಕು, ಅದೂ ಓರೆಯಾಗಿ ಬೀಳುವ ಬೆಳಕು. ಮೋಡ ಕವಿದಾಗ ಅಥವಾ ಬಿಸಿಲು ನೇರ ಮುಖಕ್ಕೆ ಹೊಡೆಯುವಾಗ ಬೋಳಾಗಿ ಕಾಣುವ ಕಲ್ಲಿನ ಮೇಲೆಯೇ, ಬಿಸಿಲು ಬದಿಯಿಂದ ಸವರಿಕೊಂಡು ಹೋಗುವ ಹೊತ್ತಿಗೆ ಹೆಸರು, ಇಸವಿ ಎಲ್ಲವೂ ಎದ್ದು ಬರುತ್ತವೆ. ಕೆತ್ತನೆಯ ತಗ್ಗುಗಳಲ್ಲಿ ನೆರಳು ತುಂಬಿಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಕಲ್ಲುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ತಿಳಿದುಕೊಂಡೇ ನಾನು ಹೊರಡುವ ಹೊತ್ತನ್ನು ಗೊತ್ತುಮಾಡುತ್ತೇನೆ. ಬಿಸಿಲೇ ತಾಗದ ಕಲ್ಲಿಗೆ ಕನ್ನಡಿ ಇದೆ: ಜೊತೆಗಾರರೊಬ್ಬರು ಬಿಸಿಲಿನಲ್ಲಿ ನಿಂತು, ಉದ್ದನೆಯ ಕನ್ನಡಿಯಿಂದ ಬೆಳಕನ್ನು ಬದಿಯಿಂದ ಹಾಯಿಸಬೇಕು. ಒಬ್ಬರೇ ಹೋಗಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ವಾಲಿದ ಕಲ್ಲುಗಳು. ಅವು ನೋಡಿದ್ದಕ್ಕಿಂತ ಬಹಳ ಭಾರ. ಒರಗಿ ನಿಲ್ಲುವುದೂ ಬೇಡ, ನೆಟ್ಟಗೆ ಮಾಡುವ ಸಾಹಸವೂ ಬೇಡ.

ಉಜ್ಜುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುತ್ತಾರೆ, ಹಿಟ್ಟು ಬಳಿಯುತ್ತಾರೆ, ಕ್ಷೌರದ ನೊರೆ ಹಚ್ಚುತ್ತಾರೆ. ನೊರೆಯಲ್ಲಿರುವ ಆಮ್ಲ ಅಮೃತಶಿಲೆಗೆ ಒಗ್ಗುವುದಿಲ್ಲ, ಹಿಟ್ಟು ರಂಧ್ರಗಳಲ್ಲಿ ಉಳಿದು ಬೂಷ್ಟಿಗೆ ಆಹಾರವಾಗುತ್ತದೆ. ಬ್ಲೀಚ್ ಮತ್ತು ತಂತಿ ಬ್ರಷ್‌ಗಳ ಮಾತೇ ಬೇಡ. ಅಮೃತಶಿಲೆಯೂ ಸುಣ್ಣಕಲ್ಲೂ ಆಮ್ಲ ಮಳೆಗೆ ಕರಗುವಂಥವು. ಹಳೆಯ ಅಮೃತಶಿಲೆಯ ಮೇಲೆ ಬೆರಳಾಡಿಸಿದರೆ ಸಕ್ಕರೆಯ ಹಾಗೆ ಹರಳು ಉದುರುವುದುಂಟು. ಅಂಥ ಕಲ್ಲನ್ನು ಮುಟ್ಟುವುದೇ ತಪ್ಪು. ಗಟ್ಟಿಯಾಗಿರುವ ಕಲ್ಲಿನ ಮೇಲೆ ಕಲ್ಲುಹೂವು ಹರಡಿ ಹೆಸರು ಮುಚ್ಚಿದ್ದರೆ, ಸ್ಮಶಾನದ ಆಡಳಿತದವರ ಒಪ್ಪಿಗೆ ಪಡೆದು ಬರೀ ನೀರು ಮತ್ತು ಮೆತ್ತನೆಯ ಬ್ರಷ್ ಬಳಸುತ್ತೇನೆ. ಕಾಗದ ಹಾಸಿ ತಿಕ್ಕಿ ಪಡಿಯಚ್ಚು ತೆಗೆಯುವ ಹಳೆಯ ಪದ್ಧತಿಯನ್ನು ಎಷ್ಟೋ ಸ್ಮಶಾನಗಳು ನಿಷೇಧಿಸಿವೆ. ಒಳ್ಳೆಯದೇ ಆಯಿತು.

ಕೆಲವು ಅಮೃತಶಿಲೆಗಳಲ್ಲಿ ಅಕ್ಷರಗಳನ್ನು ಸೀಸದಿಂದ ಮಾಡಿ ಕೂರಿಸಿರುತ್ತಾರೆ. ಸೀಸ ಕಳಚಿ ಬಿದ್ದ ಮೇಲೆ ಸಾಲು ಖಾಲಿಯೆಂದೇ ತೋರುತ್ತದೆ. ಆದರೆ ಹಿಡಿತಕ್ಕೆಂದು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ಅದೇ ಕಲ್ಲಿನಲ್ಲಿ ಉಳಿದುಕೊಂಡ ಅಕ್ಷರಗಳ ಅಳತೆಯೊಡನೆ ತೂತುಗಳ ಜೋಡಣೆಯನ್ನು ಹೋಲಿಸಿದರೆ ಹೋದ ಅಕ್ಷರ ಯಾವುದೆಂದು ಅನೇಕ ಸಲ ಗುರುತಿಸಬಹುದು. ಈ ಕೆಲಸದಲ್ಲಿ ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಡುವುದು ಬೇರೊಂದಿಲ್ಲ.

ಬರೆದುಕೊಳ್ಳುವಾಗ ನನ್ನದು ಒಂದೇ ಹಟ: ಕಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ. ಹೆಸರಿನ ಕಾಗುಣಿತ ತಪ್ಪೆನಿಸಿದರೂ ತಿದ್ದುವುದಿಲ್ಲ, ಏಕೆಂದರೆ ಆ ಕುಟುಂಬ ಹಾಗೆಯೇ ಬರೆಯುತ್ತಿದ್ದಿರಬಹುದು. ಸಾಲು ಮುರಿದ ಕಡೆ ಓರೆಗೆರೆ, ಅನುಮಾನದ ಅಕ್ಷರಕ್ಕೆ ಚೌಕ ಆವರಣ. ನನ್ನ ಊಹೆಗೆ ಬೇರೆಯೇ ಕಲಂ ಇದೆ. ವಯಸ್ಸನ್ನು ಲೆಕ್ಕ ಹಾಕಿ ಹುಟ್ಟಿದ ಇಸವಿ ತುಂಬಿಸುವ ಚಪಲ ಎಲ್ಲರಿಗೂ ಇರುತ್ತದೆ, ಅಲ್ಲೇ ಅನರ್ಥ. ‘ವಯಸ್ಸಿನ 45ನೆಯ ವರ್ಷದಲ್ಲಿ ತೀರಿಕೊಂಡರು’ ಎಂದಿದ್ದರೆ ತುಂಬಿದ್ದು 44. ‘34 ವರ್ಷ 2 ತಿಂಗಳು 5 ದಿನ’ ಎಂದಿದ್ದರೆ, ಕೆತ್ತಿಸಿದವರು ತಿಂಗಳನ್ನು ಹೇಗೆ ಎಣಿಸಿದರು ಎಂಬುದರ ಮೇಲೆ ಒಂದೆರಡು ದಿನ ಆಚೀಚೆ ಆಗುತ್ತದೆ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ, ಆ ಲೆಕ್ಕದ 66 ವರ್ಷ ಎಂದರೆ ನಮ್ಮ ಲೆಕ್ಕಕ್ಕೆ 64. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಅಧಿಕೃತ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಆದ್ದರಿಂದ ಅಲ್ಲಿನ ಕಲ್ಲಿನಲ್ಲಿ ಫೆಬ್ರವರಿ 1731/32 ಎಂದು ಎರಡು ಇಸವಿ (ಮಾರ್ಚ್‌ನಿಂದ ಎಣಿಸಿದರೆ 1731, ಜನವರಿಯಿಂದ ಎಣಿಸಿದರೆ 1732) ಕಂಡರೆ ಶಿಲ್ಪಿಯನ್ನು ಬೈಯಬೇಕಾಗಿಲ್ಲ. ಇಷ್ಟೆಲ್ಲ ಆದ ಮೇಲೂ ಕಲ್ಲು ಹೇಳಿದ್ದೇ ಸತ್ಯವೆಂದು ನಾನು ನಂಬುವುದಿಲ್ಲ. ಸಾವಿನ ಎಷ್ಟೋ ವರ್ಷಗಳ ನಂತರ, ನೆನಪಿನ ಮೇಲೆ ಹೇಳಿ ನಿಲ್ಲಿಸಿದ ಕಲ್ಲುಗಳಿವೆ. ಕೆಳಗೆ ದೇಹವೇ ಇಲ್ಲದ ಸ್ಮಾರಕಗಳೂ ಇವೆ.

ಅಂದವಾದ ಕಲ್ಲುಗಳನ್ನಷ್ಟೇ ಆರಿಸಿ ತೆಗೆದ ಚಿತ್ರಗಳು ವಂಶಾವಳಿಗೆ ಅರ್ಧ ಪ್ರಯೋಜನಕ್ಕೂ ಬರುವುದಿಲ್ಲ. ನಾನು ಒಂದು ಸಾಲು ಹಿಡಿದರೆ ತುದಿಯವರೆಗೆ ಹೋಗುತ್ತೇನೆ. ಬರಹ ಅಳಿಸಿದ್ದು, ಮುರಿದದ್ದು, ಮಗುವಿನ ಪುಟ್ಟ ಕಲ್ಲು, ಯಾವುದನ್ನೂ ಬಿಡುವುದಿಲ್ಲ. ಮದುವೆಯಾಗಿ ಮನೆತನದ ಹೆಸರು ಬದಲಾದ ಮಗಳು ತವರಿನವರ ಪಕ್ಕದಲ್ಲೇ ಮಲಗಿದ್ದರೆ, ಆ ನಂಟಿನ ಸುಳಿವು ಪಕ್ಕದ ಕಲ್ಲಿನಲ್ಲಷ್ಟೇ ಇರುತ್ತದೆ. ಅದಕ್ಕೇ ಪ್ರತಿ ಕಲ್ಲಿಗೂ ಹತ್ತಿರದ ಚಿತ್ರ, ಪೂರ್ತಿ ಚಿತ್ರ, ಅಕ್ಕಪಕ್ಕದವು ಕಾಣುವಂತೆ ದೂರದ ಚಿತ್ರ, ಜೊತೆಗೆ ಹಿಂಬದಿ. ಹಿಂಬದಿಯಲ್ಲಿ ಮಕ್ಕಳ ಹೆಸರು ಸಿಗುವುದು ಅಪರೂಪವೇನಲ್ಲ.

ಚಿತ್ರಗಳನ್ನು ಎಲ್ಲಿ ಸೇರಿಸುವುದೆಂಬುದು ನಿಮ್ಮ ಇಷ್ಟ. 1995ರಲ್ಲಿ ಶುರುವಾದ ‘ಫೈಂಡ್ ಎ ಗ್ರೇವ್’ ಜಾಲತಾಣದಲ್ಲಿ, ದೂರದ ಸಂಬಂಧಿಕರು ಇಂಥವರ ಗೋರಿಯ ಚಿತ್ರ ಬೇಕೆಂದು ಕೋರಿಕೆ ಹಾಕಬಹುದು. ‘ಬಿಲಿಯನ್‌ಗ್ರೇವ್ಸ್’ ಚಿತ್ರದೊಡನೆ ಜಿಪಿಎಸ್ ಸ್ಥಾನವನ್ನೂ ಹಿಡಿದಿಡುತ್ತದೆ. ಸ್ಮಶಾನದ ಕಚೇರಿಗೂ ಒಂದು ಪ್ರತಿ ಕೊಟ್ಟುಬಿಡುತ್ತೇನೆ; ಮುಂದಿನ ಸಲ ಬಾಗಿಲು ಬೇಗ ತೆರೆಯುತ್ತದೆ. ಗಂಡ ತೀರಿಕೊಂಡಾಗಲೇ ಹೆಂಡತಿಯ ಹೆಸರನ್ನೂ ಹುಟ್ಟಿದ ದಿನವನ್ನೂ ಕೆತ್ತಿಸಿ, ಮುಂದಿನ ಜಾಗ ಖಾಲಿ ಬಿಟ್ಟ ಕಲ್ಲುಗಳಿರುತ್ತವೆ. ಆಕೆ ಬದುಕಿರುವ ಸಾಧ್ಯತೆ ಇದ್ದರೆ ಆ ಭಾಗವನ್ನು ಮಸುಕು ಮಾಡಿಯೇ ಚಿತ್ರ ಹಾಕುತ್ತೇನೆ, ಹೆಸರನ್ನು ದಾಖಲೆಗೆ ಸೇರಿಸುವುದಿಲ್ಲ. ಈಚೆಗೆ ತೀರಿಕೊಂಡವರ ಗೋರಿಗಳನ್ನು, ಮನೆಯವರು ಕೇಳದ ಹೊರತು, ತೆಗೆಯುವುದೇ ಇಲ್ಲ.