ಪಾಲಿಕೆ ವಿರುದ್ಧದ ಕೇಸು ವಜಾ ಆಯಿತೇ? ಮೊದಲು ಕೊನೆಯ ಪುಟ ಓದಿ

ನೋಟಿಸ್ ಕೊಡದೆ ತಳ್ಳುಗಾಡಿ ಎತ್ತಿಕೊಂಡು ಹೋದರು ಎಂದು ಪಾಲಿಕೆ ಅಧಿಕಾರಿಗಳ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಸರ್ಕಾರಿ ಸಂಸ್ಥೆಗಳ ಕ್ರಮ ಪ್ರಶ್ನಿಸಿ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ಹಾಕಿದ್ದೀರಿ. ಒಂದು ಸಂಜೆ ವಕೀಲರ ಫೋನ್ ಬರುತ್ತದೆ: ‘ಡಿಸ್‌ಮಿಸ್ ಆಯ್ತು.’ ಅಲ್ಲಿಗೆ ಕೈಚೆಲ್ಲಿ ಕೂರುವವರೇ ಜಾಸ್ತಿ. ಕೂರಬೇಡಿ, ಮೇಲ್ಮನವಿಗೆ ದಿನ ಎಣಿಸುವುದು ಆದೇಶದ ದಿನದಿಂದಲೇ ಶುರು.

ಮೊದಲು ಆದೇಶದ ಕೊನೆಯ ಪುಟ ಓದಿ. ವಜಾ ಎಂಬುದೇನೋ ಒಂದೇ ಪದ, ಅದರ ಹಿಂದಿನ ಕಾರಣ ಬೇರೆ ಬೇರೆ. ವಾಯಿದೆ ದಿನ ನಿಮ್ಮ ಕಡೆಯವರು ಯಾರೂ ಬರಲಿಲ್ಲವೆಂದು ವಜಾ ಆಗಿದ್ದರೆ ಮೇಲ್ಮನವಿ ಬೇಕಿಲ್ಲ, ಅದೇ ಪೀಠದ ಮುಂದೆ ಕೇಸು ಮತ್ತೆ ತೆರೆಯಲು ಅರ್ಜಿ ಹಾಕಬಹುದು. ‘ಪರಿಹಾರಕ್ಕೆ ಬೇರೆ ದಾರಿ ಇದೆ’ ಎಂದಿದ್ದರೆ ಆ ದಾರಿಯನ್ನೇ ಹಿಡಿಯುವುದು ಎಷ್ಟೋ ಸಲ ವಾಸಿ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಕುಂದುಕೊರತೆ ಸಮಿತಿಗೆ ದೂರು ಕೊಡುವ ಅವಕಾಶ ಇದೆ. ವಾದವನ್ನೇ ಒಪ್ಪದೆ ವಜಾ ಮಾಡಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಒಬ್ಬರೇ ನ್ಯಾಯಮೂರ್ತಿ ಕೊಟ್ಟ ಆದೇಶವಾದರೆ ಕರ್ನಾಟಕ ಹೈಕೋರ್ಟ್ ಕಾಯ್ದೆ, 1961ರ 4ನೇ ಸೆಕ್ಷನ್ ಅಡಿ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ರಿಟ್ ಮೇಲ್ಮನವಿ ಹಾಕಬಹುದು. ಗಡುವು 30 ದಿನ. ರಿಟ್ ಅಲ್ಲದೆ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಸೋತಿದ್ದರೆ ಹೈಕೋರ್ಟಿಗೆ ಬರಲು 90 ದಿನ.

ವೆಬ್‌ಸೈಟಿನಿಂದ ಇಳಿಸಿಕೊಂಡ ಪ್ರತಿ ಓದೋಕೆ ಸಾಕು. ಮೇಲ್ಮನವಿಗೆ ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟೇ ದೃಢೀಕರಿಸಿ ಕೊಟ್ಟ ಪ್ರತಿ ಬೇಕು, ಮಾರನೇ ದಿನವೇ ಅರ್ಜಿ ಹಾಕಿಬಿಡಿ. ಕಾಪಿ ಕೈಗೆ ಬಂದಾಗ ಅದರ ಮೇಲಿನ ಸೀಲು ನೋಡಿ: ಅರ್ಜಿ ಹಾಕಿದ್ದು ಎಂದು, ಸಿದ್ಧವಾಗಿದ್ದು ಎಂದು, ಕೊಟ್ಟಿದ್ದು ಎಂದು ಬರೆದಿರುತ್ತದೆ. ಅರ್ಜಿ ಹಾಕಿದಂದಿನಿಂದ ಸಿದ್ಧವಾಗುವವರೆಗಿನ ದಿನಗಳು ಗಡುವಿಗೆ ಸೇರುವುದಿಲ್ಲ. ಸಿದ್ಧವಾದ ಮೇಲೂ ತರದೆ ಸುಮ್ನೆ ಬಿಟ್ಟ ದಿನಗಳು ಸೇರುತ್ತವೆ! ತಡವಾದರೆ ವಿಳಂಬ ಮನ್ನಿಸಿ ಎಂಬ ಅರ್ಜಿ, ಜೊತೆಗೊಂದು ಅಫಿಡವಿಟ್. ‘ಹುಷಾರಿರಲಿಲ್ಲ’ ಎಂದರೆ ಸಾಲದು, ಆಸ್ಪತ್ರೆ ಚೀಟಿ ಲಗತ್ತಿಸಿ.

ಮೇಲ್ಮನವಿಯಲ್ಲಿ ಹಳೇ ಕಥೆಯನ್ನೇ ಮತ್ತೆ ಹೇಳಬೇಡಿ. ಆದೇಶ ಎಲ್ಲಿ ತಪ್ಪಿದೆ ಎಂಬುದನ್ನು ತೋರಿಸಿ. ‘ಅಧಿಕಾರಿಗಳು ದಬ್ಬಾಳಿಕೆ ಮಾಡಿದರು’ ಎನ್ನುವ ಹತ್ತು ಸಾಲಿಗಿಂತ ‘ತೆರವಿಗೆ ಮುಂಚೆ 30 ದಿನದ ನೋಟಿಸ್ ಕೊಡಬೇಕೆಂದು ಬೀದಿಬದಿ ವ್ಯಾಪಾರಿಗಳ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ, ಆದೇಶ ಅದನ್ನು ಪರಿಗಣಿಸಿಲ್ಲ’ ಎಂಬ ಒಂದು ಸಾಲಿಗೆ ತೂಕ ಜಾಸ್ತಿ.

ಎದುರು ಪಕ್ಷದ ಹೆಸರನ್ನೂ ನೋಡಿಕೊಳ್ಳಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಕೇಸು ಹಳೆಯದಾದರೆ ನಿಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದೆ ಎಂದು ವಕೀಲರಿಗೆ ತಿಳಿಸಿ.

ಅರ್ಜಿ ವಜಾ ಆದಾಗ ಅದರಲ್ಲಿ ಸಿಕ್ಕಿದ್ದ ತಡೆಯಾಜ್ಞೆಯೂ ಬಿದ್ದುಹೋಗುತ್ತದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಅದು ವಾಪಸ್ ಬರುವುದಿಲ್ಲ, ಬೇರೆ ಅರ್ಜಿ ಹಾಕಿ ಕೇಳಬೇಕು. ಇದನ್ನು ಮರೆತರೆ ಮಾರನೇ ದಿನ ಜೆಸಿಬಿ ಬಂದರೂ ಏನೂ ಮಾಡಲಾಗದು.

ವಕೀಲರ ಫೀಸಿಗೆ ಹಣವಿಲ್ಲವೇ? ಹೆಂಗಸರು, ಪರಿಶಿಷ್ಟ ಜಾತಿ–ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಆದೇಶದ ಪ್ರತಿ, ಆಧಾರ್ ಹಿಡಿದು ಹೋಗಿ.

ಫೈಲ್ ಮಾಡಿದ ಮೇಲೂ ವಾರಕ್ಕೊಮ್ಮೆ ಕೇಸಿನ ಸ್ಥಿತಿ ನೋಡುತ್ತಿರಿ. ಒಂದು ಪುಟ ಮಸುಕಾಗಿದೆ, ಒಂದು ಸಹಿ ಬಿಟ್ಟುಹೋಗಿದೆ ಎಂದು ಕಚೇರಿ ಆಕ್ಷೇಪಣೆ ಹಾಕಿರುತ್ತದೆ. ಅದನ್ನು ಸರಿಪಡಿಸುವವರೆಗೆ ಫೈಲು ಪೀಠದ ಮುಂದೆ ಹೋಗುವುದೇ ಇಲ್ಲ.