ಸಾಕುಗಪ್ಪೆಯ ಟ್ಯಾಂಕು: ನಾರಿನ ಪುಡಿ ತೊಳೆಯುವುದರಿಂದ ಶುರು

ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿರುವ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂತು ನೀರು ಹೀರಿಕೊಳ್ಳುತ್ತದೆ. ಟ್ಯಾಂಕಿನ ತಳಕ್ಕೆ ನೀವು ಹಾಸುವ ಮಣ್ಣೇ ಅದರ ಹಾಸಿಗೆ, ಅದೇ ಅದರ ಕುಡಿಯುವ ನೀರು. ಅಂಗಡಿಯಲ್ಲಿ ಗಾಜು, ದೀಪ, ಪ್ಲಾಸ್ಟಿಕ್ ಗಿಡಗಳನ್ನು ಗಂಟೆಗಟ್ಟಲೆ ಆರಿಸುವವರು ಈ ಹಾಸನ್ನು ಮಾತ್ರ ಕೊನೆಗೆ ಕೈಗೆ ಸಿಕ್ಕಿದ್ದರಲ್ಲಿ ಮುಗಿಸುತ್ತಾರೆ. ಕ್ರಮ ತಿರುವುಮುರುವಾಗಬೇಕು.

ಇಲ್ಲಿ ಹೇಳುವುದು ದೊಡ್ಡ ಜಾತಿಯ ಎರಡು ವಿದೇಶಿ ಕಪ್ಪೆಗಳ ವಿಷಯ. ಒಂದು ದಕ್ಷಿಣ ಅಮೆರಿಕದ ಪ್ಯಾಕ್‌ಮನ್ ಕಪ್ಪೆ. ಹೆಣ್ಣು ಸುಮಾರು 12 ಸೆಂ.ಮೀ.ವರೆಗೆ ಬೆಳೆದು ಅಂಗೈ ತುಂಬುತ್ತದೆ. ಇನ್ನೊಂದು ಆಫ್ರಿಕನ್ ಬುಲ್‌ಫ್ರಾಗ್. ಇದರ ಗಂಡು 20 ಸೆಂ.ಮೀ. ಮುಟ್ಟುತ್ತದೆ. ಎರಡೂ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲವು. ಮೊದಲ ಮಳೆಗೆ ಗದ್ದೆಯಲ್ಲಿ ಹಳದಿಯಾಗಿ ಕೂಗುವ ನಮ್ಮ ಗೂಳಿಗಪ್ಪೆಯನ್ನು ಮಾತ್ರ ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಪಾಡುತ್ತದೆ. ಕಾಯ್ದೆ ಇಲ್ಲದಿದ್ದರೂ ಅದರ ಜಾಗ ಗದ್ದೆಯೇ.

ಮೊದಲು ಅಳತೆ

ಪ್ಯಾಕ್‌ಮನ್‌ಗೆ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಗಾಜಿನ ಟ್ಯಾಂಕು ಸಾಕು. ಆಫ್ರಿಕನ್ ಬುಲ್‌ಫ್ರಾಗ್‌ಗೆ 90 ಉದ್ದ, 45 ಅಗಲ ಬೇಕು. ಒಂದು ಟ್ಯಾಂಕಿಗೆ ಒಂದೇ ಕಪ್ಪೆ. ಜೊತೆ ಇರಲಿ ಎಂದು ಎರಡು ಬಿಟ್ಟರೆ ಒಂದು ಇನ್ನೊಂದನ್ನು ನುಂಗುತ್ತದೆ.

ಮುಚ್ಚಳದ ಜಾಲರಿ ಕಬ್ಬಿಣದ್ದು ಬೇಡ. ಕಾರವಾರದ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿದು ಪುಡಿ ಉದುರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆಜಾಲರಿ ಒಳ್ಳೆಯದು. ಟ್ಯಾಂಕು ಇಡುವ ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ. ಹಿಂದೆ ಅಡುಗೆಮನೆಯ ಕಪಾಟಿಗೆ ಅಮ್ಮಂದಿರು ಮಾಡುತ್ತಿದ್ದ ಉಪಾಯವಿದು. ಕಪ್ಪೆಗೆ ಕೊಟ್ಟ ಹುಳುವಿನ ಚೂರು ಉಳಿದರೆ ಇರುವೆ ಸಾಲುಗಟ್ಟುತ್ತದೆ, ಇರುವೆ ಪುಡಿಯನ್ನೂ ಇರುವೆ ಚಾಕ್‌ಪೀಸನ್ನೂ ಕಪ್ಪೆಯ ಹತ್ತಿರ ಬಳಸುವಂತಿಲ್ಲ. ಅದೇ ಕೋಣೆಯಲ್ಲಿ ಸೊಳ್ಳೆಬತ್ತಿಯೂ ಬೇಡ.

ಹಾಸಿಗೆ ಯಾವುದು

ನನ್ನ ಮತ ತೆಂಗಿನ ನಾರಿನ ಪುಡಿಗೆ. ಪೇಟೆಯ ಮಾತಿನಲ್ಲಿ ಕೊಕೊಪೀಟ್. ಹಗುರ, ನೀರು ಹಿಡಿಯುತ್ತದೆ, ಕಪ್ಪೆ ಸಲೀಸಾಗಿ ತೋಡಿ ಕೂರುತ್ತದೆ. ಹುಳುವಿನ ಜೊತೆ ಚೂರುಪಾರು ಹೊಟ್ಟೆಗೆ ಹೋದರೂ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಜಲ್ಲಿ, ಅಕ್ವೇರಿಯಂ ಕಲ್ಲು, ಚಿರೆಕಲ್ಲಿನ ಚೂರು ಹಾಗಲ್ಲ, ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಮುದ್ರದ ಮರಳಿನಲ್ಲಿ ಈ ಅಪಾಯದ ಜೊತೆಗೆ ಉಪ್ಪೂ ಇದೆ. ಮರದ ಮಿಲ್ಲಿನ ಹೊಟ್ಟಿನಲ್ಲಿರುವ ರಾಳ, ಎಣ್ಣೆ ಚರ್ಮಕ್ಕೆ ಆಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಎಚ್ಚರ ವಹಿಸಬೇಕಾದದ್ದು ನಾರಿನ ಪುಡಿಯ ಉಪ್ಪಿನ ಬಗ್ಗೆ. ಕಾಯಿಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ನಾರು ತೆಗೆದಿದ್ದರೆ ಉಳಿದ ಪುಡಿಯಲ್ಲಿ ಉಪ್ಪು ಕೂತಿರುತ್ತದೆ. ನನ್ನ ಮೊದಲ ಪ್ಯಾಕ್‌ಮನ್‌ಗೆ ನಾನು ಅಂಥ ರಾಶಿಯಿಂದಲೇ ಪುಡಿ ತಂದು, ಒಂದು ಸಲ ನೆನೆಸಿ ಹಾಸಿದ್ದೆ. ಕಪ್ಪೆ ಮಣ್ಣಿಗೆ ಇಳಿಯಲೇ ಇಲ್ಲ. ನಾಲ್ಕು ದಿನ ನೀರಿನ ತಟ್ಟೆ ಬಿಟ್ಟು ಕದಲಲಿಲ್ಲ, ಜಿರಲೆ ಕೊಟ್ಟರೆ ಮುಖ ತಿರುಗಿಸಿತು. ಐದನೆಯ ದಿನ ಪುಡಿ ಹಿಂಡಿ ಆ ನೀರನ್ನು ನಾಲಿಗೆ ತುದಿಗೆ ತಾಗಿಸಿದೆ. ಉಪ್ಪುಪ್ಪು. ನಾಲ್ಕು ದಿನ ಅದು ಹೇಳುತ್ತಿದ್ದದ್ದು ಇದನ್ನೇ, ನನಗೆ ತಿಳಿಯಲಿಲ್ಲ ಎನ್ನುವ ಸಂಕಟ ಇಂದಿಗೂ ಇದೆ. ತೊಳೆದ ಪುಡಿ ಹಾಕಿದ ರಾತ್ರಿಯೇ ಅದು ಕಣ್ಣಷ್ಟೇ ಕಾಣುವಂತೆ ಹೂತು ಕೂತಿತು.

ಹಾಗಾಗಿ ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ತೊಳೆಯಿರಿ. ಬಕೆಟ್ಟಿನಲ್ಲಿ ಸಿಹಿನೀರು ತುಂಬಿ ಪುಡಿಯನ್ನು ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹಳೆಯ ಪಂಚೆಯಲ್ಲಿ ಕಟ್ಟಿ ಹಿಂಡಿ. ಇದನ್ನು ಕಡಿಮೆಯೆಂದರೆ ಮೂರು ಸಲ ಮಾಡಿ. ನೀರು ಶುದ್ಧೀಕರಣ ಯಂತ್ರದ ರಿಪೇರಿಯವರ ಹತ್ತಿರ ಇರುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಿಂಡಿದ ನೀರಿನ ಅಂಕಿ ನಿಮ್ಮ ಬಾವಿನೀರಿನ ಅಂಕಿಯ ಹತ್ತಿರ ಬರುವವರೆಗೆ ತೊಳೆಯಿರಿ. ಸಮುದ್ರದ ಬದಿಯ ಬಾವಿಗಳು ಏಪ್ರಿಲ್, ಮೇನಲ್ಲಿ ತಾವೇ ಸವುಳಾಗುತ್ತವೆ, ಆಗ ಬೇರೆ ಕಡೆಯ ನೀರು ತನ್ನಿ. ನಲ್ಲಿ ನೀರಾದರೆ ಅಗಲ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ. ನರ್ಸರಿಯಲ್ಲಿ ಬೇವಿನ ಹಿಂಡಿ, ಗೊಬ್ಬರ ಬೆರೆಸಿದ ಪುಡಿ ಮಾರುತ್ತಾರೆ. ಅದು ಗಿಡಕ್ಕೆ ಇರಲಿ.

ಶಿರಸಿ, ಸಿದ್ದಾಪುರ ಕಡೆಯವರಿಗೆ ಬೇರೆ ಎಚ್ಚರಿಕೆ. ಮನೆ ಹಿಂದೆಯೇ ತೋಟ, ಕಪ್ಪು ಮಣ್ಣು, ಕಾಲಡಿ ದರಕು, ಅಂದರೆ ಉದುರಿದ ಒಣಎಲೆ. ತಂದು ಹಾಸಲು ಕೈ ಹೋಗುತ್ತದೆ. ಆದರೆ ಅಡಿಕೆಗೆ ವರ್ಷವರ್ಷ ಹೊಡೆಯುವ ಕೊಳೆರೋಗದ ಔಷಧಿಯಲ್ಲಿ ಮೈಲುತುತ್ತವಿದೆ. ಅದರ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಕಪ್ಪೆಗೆ ತಾಮ್ರ ವಿಷ. ತೋಟದ ಮಣ್ಣು, ಎಲೆ, ಅಡಿಕೆ ಹಾಳೆ ಯಾವುದೂ ಬೇಡ. ಔಷಧಿ ತಾಗದ ಹಲಸಿನ ಮರದ ಒಣಎಲೆಯನ್ನು ಕುದಿಸಿ, ಒಣಗಿಸಿ ಮೇಲೆ ಹರಡಿದರೆ ಕಪ್ಪೆಗೆ ಮರೆಯಾಗುತ್ತದೆ.

ಹಾಸುವುದು

ಪ್ಯಾಕ್‌ಮನ್‌ಗೆ 10 ಸೆಂ.ಮೀ. ದಪ್ಪ ಬೇಕು. 60×30ರ ಟ್ಯಾಂಕಿಗೆ ಅದು 18 ಲೀಟರ್ ಪುಡಿ, ಒತ್ತಿ ಕಟ್ಟಿದ ಕೊಕೊಪೀಟಿನ 650 ಗ್ರಾಂನ ಎರಡು ಇಟ್ಟಿಗೆ ನೆನೆಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಬುಲ್‌ಫ್ರಾಗ್‌ಗೆ 15 ಸೆಂ.ಮೀ. ಎಂದರೆ 60 ಲೀಟರ್, 5 ಕೆ.ಜಿ.ಯ ಒಂದು ದೊಡ್ಡ ಇಟ್ಟಿಗೆ ತೆಗೆದುಕೊಳ್ಳಿ. ಹದ ನೋಡಲು ಒಂದು ಮುಷ್ಟಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ನೀರು ಹೆಚ್ಚು, ಉಂಡೆ ಕಟ್ಟದೆ ಉದುರಿದರೆ ಕಡಿಮೆ. ಒಂದು ಮೂಲೆಗೆ ಹೂಕುಂಡದ ಅಡಿಯಲ್ಲಿಡುವ ಮಣ್ಣಿನ ತಟ್ಟೆ, ಅದರಲ್ಲಿ ಕಪ್ಪೆ ಕೂತರೆ ಗದ್ದ ಮುಳುಗದಷ್ಟು ನೀರು. ನೀರು ದಿನಾ ಬದಲಿಸಿ. ಇನ್ನೊಂದು ಮೂಲೆಗೆ ಒಡೆದ ಮಡಕೆಯ ಅರ್ಧ, ಅಂಚನ್ನು ಉಜ್ಜಿ ನುಣುಪು ಮಾಡಿ.

ಹೊಸದಾಗಿ ತಂದ ಕಪ್ಪೆಯನ್ನು ಮೊದಲ ತಿಂಗಳು ಇದಕ್ಕೆ ಬಿಡಬೇಡಿ. ಬೇರೆ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಕಾಗದದ ಮೇಲೆ ಇಟ್ಟರೆ ಮಲ ಹೇಗಿದೆ, ಚರ್ಮ ಕೆಂಪಾಗಿದೆಯೇ ಎಂದು ಕಾಣುತ್ತದೆ.

ಕಾಲಕ್ಕೆ ತಕ್ಕಂತೆ

24ರಿಂದ 28 ಡಿಗ್ರಿ ಇವಕ್ಕೆ ಹಿತ. ಕರಾವಳಿಯ ಬೇಸಿಗೆಯಲ್ಲಿ ಬಿಸಿ ದೀಪದ ಮಾತೇ ಬೇಡ. ಟ್ಯಾಂಕನ್ನು ಬಿಸಿಲು ಬೀಳದ ಕೋಣೆಯ ನೆಲಕ್ಕೆ ಇಳಿಸಿ, ಮಧ್ಯಾಹ್ನ ಹೆಪ್ಪುಗಟ್ಟಿದ ನೀರಿನ ಬಾಟಲಿಯನ್ನು ಹೊರಗಡೆ ಗಾಜಿಗೆ ಒರಗಿಸಿಡಿ. ಘಟ್ಟದ ಮೇಲೆ ಡಿಸೆಂಬರ್, ಜನವರಿಯ ಚಳಿಗೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ, ಬೇಕಾಗಬಹುದು. ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಜೋಡಿಸಿ ಟ್ಯಾಂಕಿನ ಬದಿಗೆ ಅಂಟಿಸಿ, ಅಡಿಗೆ ಬೇಡವೇ ಬೇಡ. ಬಿಸಿಯಾದಾಗ ಕಪ್ಪೆ ತಂಪು ಹುಡುಕಿ ಕೆಳಕ್ಕೇ ತೋಡುತ್ತದೆ, ಕೆಳಗೆ ಕಾದ ಗಾಜು ಇದ್ದರೆ ಸುಡುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ನೀರು ಚಿಮುಕಿಸುವುದನ್ನು ನಿಲ್ಲಿಸಿ. ಬೂಸ್ಟು ಕಂಡರೆ ಆ ಭಾಗ ತೆಗೆದುಬಿಡಿ.

ಮಲ ಕಂಡ ದಿನವೇ ಸುತ್ತಲ ಮಣ್ಣಿನ ಜೊತೆ ತೆಗೆಯಿರಿ. ಮೂರು, ನಾಲ್ಕು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಮೂತ್ರದಿಂದ ಸೇರುವ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ, ಚರ್ಮದಿಂದ ಒಳಗೆ ಹೋಗುತ್ತದೆ.

ತೆಗೆದ ಮಣ್ಣನ್ನಾಗಲಿ, ತಟ್ಟೆಯ ನೀರನ್ನಾಗಲಿ ಹಳ್ಳಕ್ಕೆ, ಗದ್ದೆಗೆ ಚೆಲ್ಲಬೇಡಿ. ವಿದೇಶಿ ಕಪ್ಪೆಗಳ ಮೈಯಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರ ಇರಬಹುದು. ಅದು ಜಗತ್ತಿನ ಹಲವು ಕಪ್ಪೆ ಜಾತಿಗಳನ್ನೇ ಅಳಿಸಿಹಾಕಿದೆ. ಮೊಟ್ಟೆಗೆ ಕೆಸರು ಮೆತ್ತುವ ಕುಂಬಾರ ಕಪ್ಪೆ 2014ರಲ್ಲಷ್ಟೇ ಜಗತ್ತಿಗೆ ಪರಿಚಯವಾದದ್ದು, ಅದು ಇರುವುದು ನಮ್ಮ ಕತ್ತಲೆಕಾನಿನಂಥ ಕಾಡಿನ ಹಳ್ಳಗಳಲ್ಲಿ. ಆದ್ದರಿಂದ ಹಳೆಯ ಪುಡಿಯನ್ನು ಬಕೆಟ್ಟಿಗೆ ಹಾಕಿ, ಮುಳುಗುವಷ್ಟು ಕುದಿಯುವ ನೀರು ಸುರಿದು ಮುಚ್ಚಿಡಿ. ತಣ್ಣಗಾದ ಮೇಲೆ ದಾಸವಾಳದ ಕುಂಡಕ್ಕೆ ಹಾಕಬಹುದು.