ಬಸ್ಸಿಳಿದು ಮನೆ ಸೇರುವ ತನಕ

ಶಿವಮೊಗ್ಗದಿಂದ ಸಂಜೆ ಆರೂವರೆಗೆ ತೀರ್ಥಹಳ್ಳಿ ಬಸ್ಸು ಹತ್ತಿದರೆ ಮಂಡಗದ್ದೆ ದಾಟುವಷ್ಟರಲ್ಲಿ ಕತ್ತಲು. ಕ್ರಾಸಿನಲ್ಲಿ ನಮ್ಮನ್ನು ಇಳಿಸಿ ಬಸ್ಸು ಹೋಗಿಬಿಡುತ್ತದೆ. ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್. ಒಂದು ಕಡೆ ಕಾನು, ಇನ್ನೊಂದು ಕಡೆ ತೋಟ, ನಡುವೆ ಹಳ್ಳ ದಾಟಲು ಒಂದು ಸಂಕ. ಚಿಕ್ಕವಳಿದ್ದಾಗ ಈ ದಾರಿಯಲ್ಲಿ ಹಾವಿಗೆ, ಹಂದಿಗೆ ಹೆದರುತ್ತಿದ್ದೆ. ಕಾಲೇಜು ಸೇರಿದ ಮೇಲೆ, ಹಿಂದೆ ಬಂದು ನಿಧಾನವಾಗುವ ಬೈಕಿನ ಸದ್ದಿಗೆ.

‘ಹೊತ್ತು ಮುಳುಗುವುದರೊಳಗೆ ಮನೆ ಸೇರು’ ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಕೆಲಸ ಬಿಡುವುದೇ ಆರಕ್ಕೆ ಅಂದರೆ ಹೇಗೆ ಸೇರುವುದು? ಈ ಮಾತು ಕೇಳಿ ಕೆಲಸವನ್ನೇ ಬಿಟ್ಟ ಹುಡುಗಿಯರು ನಮ್ಮೂರಲ್ಲಿದ್ದಾರೆ. ಬೈಕಿನವರು ಮಾತ್ರ ಏನನ್ನೂ ಬಿಟ್ಟಿಲ್ಲ. ಹಾಗಾಗಿ ಇಲ್ಲಿರುವುದು ಮನೆಯಲ್ಲಿ ಕೂರುವ ಉಪಾಯವಲ್ಲ, ಓಡಾಡಿಕೊಂಡೇ ಇರುವ ಉಪಾಯ.

ಮೊದಲು ಫೋನು

ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ 112. ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಪವರ್ ಬಟನ್ ಬೇಗಬೇಗ ಒತ್ತಿದರೆ ತುರ್ತು ಕರೆ ಹೋಗುತ್ತದೆ. ಕೆಲವಕ್ಕೆ ಮೂರು ಸಲ, ಕೆಲವಕ್ಕೆ ಐದು ಸಲ. ನಿಮ್ಮದು ಎಷ್ಟು ಎಂದು ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿಕೊಳ್ಳಿ. ಬಟನ್ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸಲಹೆ, ನೆರವಿಗೆ ಮಹಿಳಾ ಸಹಾಯವಾಣಿ 181 ಇದೆ.

ಕರೆ ಸಿಕ್ಕರೆ ಊರು ಮೊದಲು ಹೇಳಿ, ಹೆಸರು ಆಮೇಲೆ. ನಮ್ಮ ಕಡೆ ಸಿಗ್ನಲ್ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು! ಬರೀ ‘ಹೊಸೂರು’ ಎಂದರೆ ಸಾಲದು, ಮಲೆನಾಡಲ್ಲಿ ಎಷ್ಟು ಹೊಸೂರುಗಳಿಲ್ಲ? ತಾಲ್ಲೂಕು, ಹತ್ತಿರದ ಶಾಲೆ ಅಥವಾ ಬಸ್‌ಸ್ಟಾಪ್ ಸೇರಿಸಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗಬಹುದು.

ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಪೇಟೆಯಲ್ಲಿ ಒಳ್ಳೆಯದು. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಆರಿಸಬಹುದು. ಆದರೆ ನೆಟ್ ಹೋದರೆ ಚುಕ್ಕಿ ಅಲ್ಲೇ ನಿಂತುಬಿಡುತ್ತದೆ. ನಮ್ಮ ಮನೆಯ ಪದ್ಧತಿ ಹಳೆಯದು, ಆದರೆ ಗಟ್ಟಿ. ಕ್ರಾಸಿನಲ್ಲಿ ಇಳಿದ ಕೂಡಲೇ ಒಂದು ಕರೆ. ಅರ್ಧ ಗಂಟೆಯಲ್ಲಿ ನಾನು ಉಣುಗೋಲು ದಾಟಿ ಅಂಗಳಕ್ಕೆ ಬರದಿದ್ದರೆ ತಮ್ಮ ಟಾರ್ಚ್ ಹಿಡಿದು ಹೊರಡಬೇಕು. ‘ಇನ್ನೇನು ಬರ್ತಾಳೆ ಬಿಡಿ’ ಎಂದು ಕಾಯುವ ಹಾಗಿಲ್ಲ.

ಬಸ್ಸಿನಲ್ಲಿ

ಅಮ್ಮನ ಕಾಲದವರ ಆಯುಧ ಸೆರಗಿನ ಪಿನ್ನು. ಈಗಲೂ ಕೆಲಸಕ್ಕೆ ಬರುತ್ತದೆ, ಆದರೆ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ದನಿ. ‘ಕೈ ತೆಗೀರಿ!’ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ. ‘ಯಾಕ್ರೀ ಹೀಗೆ ಮಾಡ್ತೀರಾ’ ಎಂದು ಕೇಳಬೇಡಿ, ಅದಕ್ಕೆ ಅವನ ಹತ್ತಿರ ಉತ್ತರ ತಯಾರಿರುತ್ತದೆ. ನಾನು ಒಮ್ಮೆ ಮುಕ್ಕಾಲು ಗಂಟೆ ಸುಮ್ಮನಿದ್ದು, ಕೊನೆಗೆ ಕಂಡಕ್ಟರಿಗೆ ಹೇಳಿದೆ. ‘ನೀನೇ ಮುಂದೆ ಬಂದು ನಿಂತ್ಕೊಮ್ಮ’ ಎಂದರು. ನಾನು ನಿಂತೆ, ಅವನು ಕೂತೇ ಬಂದ. ಈಗಾಗಿದ್ದರೆ ‘ಅವರನ್ನು ಎಬ್ಬಿಸಿ’ ಎನ್ನುತ್ತಿದ್ದೆ.

ಹತ್ತುವಾಗಲೇ ಬಸ್ಸಿನ ನಂಬರಿನ ಫೋಟೊ ತೆಗೆದಿಡಿ. ನಾವು ಖಾಸಗಿ ಬಸ್ಸುಗಳನ್ನು ಗುರುತಿಸುವುದು ಹೆಸರಿನಿಂದ. ಠಾಣೆಯಲ್ಲಿ ಬೇಕಾಗುವುದು ನಂಬರು. ಟಿಕೆಟ್ಟನ್ನೂ ಎಸೆಯಬೇಡಿ, ನೀವು ಆ ಬಸ್ಸಿನಲ್ಲಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ.

ನಡೆಯುವಾಗ

ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸಿದರೆ, ಯಾರೂ ಇಲ್ಲದ ಸ್ವಂತ ಮನೆಗಿಂತ ದೀಪ ಉರಿಯುವ ಬೇರೆಯವರ ಮನೆ ಮೇಲು. ದಾರಿಯಲ್ಲಿರುವ ಮೂರು ಮನೆಯವರಿಗೆ ಹಗಲಲ್ಲೇ ಹೇಳಿಟ್ಟಿರಿ. ನಾಯಿಗೂ ನಿಮ್ಮ ಪರಿಚಯ ಇರಲಿ. ಪೆಪ್ಪರ್ ಸ್ಪ್ರೇ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಮಳೆಗಾಳಿಗೆ ಅದು ನಮ್ಮ ಮುಖಕ್ಕೇ ಬರುತ್ತದೆ. ಒಳ್ಳೆಯ ಟಾರ್ಚ್ ಇಟ್ಟುಕೊಳ್ಳಿ.

ದೂರು ಕೊಡುವುದು

ಬಹಳ ಜನ ಹಿಂದೆ ಸರಿಯುವುದು ಇಲ್ಲೇ. ಬಸ್ಸಿನಲ್ಲಿ ಆಗಿದ್ದು ಗಾಜನೂರಿನ ಹತ್ತಿರವೋ ಮಂಡಗದ್ದೆಯ ಹತ್ತಿರವೋ, ಯಾವ ಠಾಣೆಗೆ ಹೋಗುವುದು? ಯಾವ ಠಾಣೆಗೆ ಬೇಕಾದರೂ ಹೋಗಬಹುದು. ಘಟನೆ ಎಲ್ಲೇ ನಡೆದಿರಲಿ, ದೂರು ಬರೆದುಕೊಳ್ಳಲೇಬೇಕು. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿ ಇದು ಇದೆ. ಹೆಂಗಸರು ಕೊಡುವ ಲೈಂಗಿಕ ಕಿರುಕುಳದಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು.

‘ಇಷ್ಟಕ್ಕೆಲ್ಲ ಕೇಸಾ?’ ಎನ್ನುವವರಿಗೆ ಹೇಳಿ: ಬೇಡ ಎಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದ ತನಕ ಜೈಲು. ಮಾನಕ್ಕೆ ಕುಂದು ತರುವಂತೆ ಮೈಮೇಲೆ ಕೈ ಹಾಕಿದರೆ 74ನೇ ಸೆಕ್ಷನ್, ಕನಿಷ್ಠ 1 ವರ್ಷ, ಹೆಚ್ಚೆಂದರೆ 5.

ಅತ್ಯಾಚಾರದಂಥದ್ದು ನಡೆದಿದ್ದರೆ ಠಾಣೆಗೆ ಮೊದಲು ಆಸ್ಪತ್ರೆಗೇ ಹೋಗಬಹುದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಚಿಕಿತ್ಸೆ ಉಚಿತವಾಗಿ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು. ತೊಟ್ಟ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ಸ್ನಾನ ಮಾಡಿ ಆಗಿದ್ದರೂ ಹೋಗಿ.

ಕ್ರಾಸಿಗೊಂದು ದೀಪ

ಇದು ಹೆಂಗಸರಷ್ಟೇ ಮಾಡುವ ಕೆಲಸವಲ್ಲ, ಊರಿನದು. ಕಂಬದ ಮೇಲಿನ ನಂಬರ್ ಬರೆದುಕೊಂಡು ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಸ್ವೀಕೃತಿ ಕೇಳಿ ಇಸಿದುಕೊಳ್ಳಿ. ನಾವು ಮೂರು ಸಲ ಕೊಟ್ಟ ಮೇಲೆ ನಮ್ಮ ಕ್ರಾಸಿಗೆ ದೀಪ ಬಂತು. ಮಳೆಗಾಲದಲ್ಲಿ ಕರೆಂಟು ಇದ್ದ ದಿನ ಉರಿಯುತ್ತದೆ. ಟಾರ್ಚ್ ಇನ್ನೂ ಬ್ಯಾಗಿನಲ್ಲೇ ಇದೆ.